ಬ್ಯಾಂಕ್ ಸೇಲ್ಸ್ ಬಿಟ್ಟು ಶಿಕ್ಷಣ ಸಂಸ್ಥೆಗೆ ಸಿಎಸ್‌ಆರ್ ಹಣ ತರುವ ಕೆಲಸಕ್ಕೆ ಹೋಗಬಹುದಾ?

ಬ್ಯಾಂಕಿನಲ್ಲಿ ಸೇಲ್ಸ್ ಕೆಲಸ ನನ್ನದು. ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡುವ ಎನ್‌ಜಿಒ ಒಂದು, ಕಂಪನಿಗಳಿಂದ ಸಿಎಸ್‌ಆರ್ ಹಣ (ಸಮಾಜದ ಕೆಲಸಕ್ಕೆ ಕಂಪನಿಗಳು ಖರ್ಚು ಮಾಡುವ ಹಣ) ತರುವ ಹುದ್ದೆಗೆ ಕರೆದಿದೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿಲ್ಲ. ಈ ಕೆಲಸ ಮಾಡಿದವರು ಸ್ವಲ್ಪ ಹೇಳಿ.

ಬೆಂಗಳೂರಿನಿಂದ:
ಎಂಎಸ್‌ಡಬ್ಲ್ಯೂ ಇಲ್ಲದಿದ್ದರೂ ನಡೆಯುತ್ತೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಮಾತ್ರ ಓದಿಕೊಂಡೇ ಹೋಗಿ. ಹಿಂದಿನ ವರ್ಷ 5 ಕೋಟಿ ನಿವ್ವಳ ಲಾಭ ಮಾಡಿದ ಕಂಪನಿಯೂ ಮೂರು ವರ್ಷದ ಸರಾಸರಿ ಲಾಭದ 2% ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಎಲ್ಲರೂ ದೊಡ್ಡ ಐಟಿ ಕಂಪನಿಗಳ ಹಿಂದೆ ಬೀಳ್ತಾರೆ. ನೀವು ಪೀಣ್ಯ, ಬಿಡದಿ ಕಡೆಯ ಫ್ಯಾಕ್ಟರಿಗಳನ್ನು ನೋಡಿ. ಸಿಎಸ್‌ಆರ್ ಮೊತ್ತ 50 ಲಕ್ಷ ದಾಟದಿದ್ದರೆ ಪ್ರತ್ಯೇಕ ಸಮಿತಿ ಬೇಕಿಲ್ಲ, ಕಂಪನಿಯ ನಿರ್ದೇಶಕರ ಬೋರ್ಡೇ ತೀರ್ಮಾನಿಸುತ್ತೆ. ಅಂದರೆ ಎಷ್ಟೋ ಕಡೆ ಮಾಲೀಕರ ಎದುರೇ ಕೂತು ಮಾತಾಡಬಹುದು. ಸೇಲ್ಸ್‌ನವರಿಗೆ ಇದು ಹೊಸದಲ್ಲ ಅಲ್ವಾ?

ಸೇರುವ ಮೊದಲು ಸಂಸ್ಥೆಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇದೆಯಾ ಕೇಳಿ. ತಂದ ಹಣದಲ್ಲಿ ಕಮಿಷನ್ ಕೊಡ್ತೀವಿ ಅಂದರೆ ಸುಮ್ನೆ ಎದ್ದು ಬನ್ನಿ.

ಹುಬ್ಬಳ್ಳಿಯಿಂದ:
ಕಷ್ಟ ಎಲ್ಲಿದೆ ಅಂದರೆ, ಕಂಪನಿಗೆ ಬೇಕಾಗಿದ್ದು ಗೋಡೆಗೆ ಬಣ್ಣ, ಸ್ಮಾರ್ಟ್ ಕ್ಲಾಸ್, ಬಾಗಿಲ ಮೇಲೆ ತನ್ನ ಹೆಸರಿನ ಫಲಕ. ನಾಲ್ಕನೇ ಕ್ಲಾಸಿಗೆ ಬಂದರೂ ಕಳೆಯುವ ಲೆಕ್ಕ ಬಾರದ ಮಗುವಿಗೆ ಬೇಕಾಗಿದ್ದು ಪಕ್ಕದಲ್ಲಿ ಕೂತು ಕಲಿಸುವ ಒಬ್ಬರು. ಅವರ ಸಂಬಳ ಬಜೆಟ್ಟಿನಲ್ಲಿ 'ಸಿಬ್ಬಂದಿ ವೆಚ್ಚ' ಅಂತ ಒಂದೇ ಸಾಲಿನಲ್ಲಿದ್ದರೆ ಅಕೌಂಟ್ಸ್‌ನವರ ಪೆನ್ನು ಮೊದಲು ಅಲ್ಲಿಗೇ ಹೋಗುತ್ತೆ. ಒಡೆದು ಬರೆಯಿರಿ: ಯಾರು, ಯಾವ ಶಾಲೆ, ವಾರಕ್ಕೆ ಎಷ್ಟು ದಿನ, ಎಷ್ಟು ಮಕ್ಕಳು.

ಆಗಲೂ 'ಆಡಳಿತ ವೆಚ್ಚ 5% ದಾಟುವಂತಿಲ್ಲ' ಅಂತಾರೆ. ಆ ಮಿತಿ ಇರೋದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ, ನಿಮ್ಮ ಸಂಸ್ಥೆಯ ಖರ್ಚಿಗಲ್ಲ. ನಿಯಮದ ಪ್ರತಿ ಬ್ಯಾಗಿನಲ್ಲೇ ಇರಲಿ, ಜಗಳ ಬೇಡ.

ಮೈಸೂರಿನಿಂದ:
ಸಂಬಳ ಬ್ಯಾಂಕಿಗಿಂತ ಕಡಿಮೆ ಇರಬಹುದು. ಇಎಂಐ ಇದ್ದರೆ ಮೊದಲು ಮನೆಯಲ್ಲಿ ಮಾತಾಡಿ.

ಕಲಬುರಗಿಯಿಂದ:
ಫ್ಯಾಕ್ಟರಿಗಳು ಜಾಸ್ತಿ ಇರೋದು ಬೆಂಗಳೂರಿನ ಸುತ್ತ, ನಮ್ಮ ಶಾಲೆಗಳು ಯಾದಗಿರಿ, ರಾಯಚೂರಿನಲ್ಲಿ. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತ ಕಾಯ್ದೆ ಹೇಳುತ್ತೆ, ಅಲ್ಲೇ ಖರ್ಚು ಮಾಡಿ ಅಂತಲ್ಲ. ಇದನ್ನು ಕಂಪನಿಯವರಿಗೆ ನೀವೇ ಹೇಳಬೇಕು, ನಮ್ಮ ಕಡೆಗೆ ಒಮ್ಮೆ ಕರೆದುಕೊಂಡೂ ಬರಬೇಕು.

ಇನ್ನೊಂದು, ಹಣಕಾಸು ವರ್ಷ ಮುಗಿಯುವ ಮಾರ್ಚ್. '31ರೊಳಗೆ ಖರ್ಚು ತೋರಿಸ್ತೀರಾ?' ಅಂತ ಕಂಪನಿಯಿಂದ ಫೋನ್ ಬರುತ್ತೆ. ಆಗ ಶಾಲೆಯಲ್ಲಿ ಪರೀಕ್ಷೆ, ಆಮೇಲೆ ರಜೆ. ಮಕ್ಕಳೇ ಇಲ್ಲದ ಶಾಲೆಯಲ್ಲಿ ಏನು ಕಲಿಸೋದು? ಬಹುವರ್ಷದ ಯೋಜನೆ ಅಂತ ಕಂಪನಿಯ ಬೋರ್ಡ್ ಮೊದಲೇ ಒಪ್ಪಿದ್ದರೆ, ಉಳಿದ ಹಣವನ್ನು ಕಂಪನಿ ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ವರ್ಷದೊಳಗೆ ಬಳಸಬಹುದು. ಈ ಮಾತನ್ನು ಜೂನ್‌ನಲ್ಲೇ ತೆಗೆಯಿರಿ. ಮಾರ್ಚ್‌ನಲ್ಲಿ ಯಾರಿಗೂ ಕೇಳಿಸಲ್ಲ.