ಮಾರ್ಚ್ 8ಕ್ಕೆ ನಮ್ಮ ಬೀದಿಯ ಹೆಂಗಸರನ್ನೇ ಗೌರವಿಸಬೇಕು ಅಂತಿದ್ದೇವೆ, ಹೇಗೆ ಮಾಡಿದರೆ ಚೆನ್ನ?

ಮೂರನೇ ಅಡ್ಡರಸ್ತೆ, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಪ್ರತಿ ವರ್ಷ ಮಹಿಳಾ ದಿನಕ್ಕೆ ನಮ್ಮ ಬೀದಿಯವರೆಲ್ಲ ಸೇರಿ ಯಾರಾದರೂ ಹೆಸರು ಮಾಡಿದವರನ್ನು ಕರೆಸುತ್ತೇವೆ. ಈ ಸಲ ನನಗೆ ಬೇರೆ ಆಸೆ. ಕಸ ತಗೊಳ್ಳೋಕೆ ಬರುವ ಪೌರಕಾರ್ಮಿಕ ಅಕ್ಕ ಇದ್ದಾರೆ, ನಾಲ್ಕು ಗಂಟೆಗೇ ಎದ್ದು ಮನೆಯವರಿಗೆಲ್ಲ ಅಡುಗೆ ಮಾಡಿಟ್ಟು ಹಾಜರಿಗೆ ಓಡುತ್ತಾರೆ, ಕೊರೊನಾ ಸಮಯದಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗಲೂ ಅವರು ಬಂದರು. ತಿರುವಿನಲ್ಲಿ ಹೂ ಕಟ್ಟುವ ಅಜ್ಜಿ ಇದ್ದಾರೆ. ಮೊಳದ ಲೆಕ್ಕದಲ್ಲಿ ಹೂ ಮಾರಿಯೇ ಮೊಮ್ಮಗಳನ್ನು ನರ್ಸಿಂಗ್ ಓದಿಸಿದರು. ಇವರಿಬ್ಬರನ್ನು ಕರೆಯಬೇಕು. ಆದರೆ ಅವರಿಗೆ ಮುಜುಗರ ಆಗಬಾರದು. ಶಾಲು, ಹಣ್ಣಿನ ಬುಟ್ಟಿ, ಫೋಟೊ ಬಿಟ್ಟು ಏನು ಮಾಡಬಹುದು?

ಪಾವಗಡದ ಹುಡುಗಿ:
ಅವರನ್ನು ಮಾತಾಡಿಸಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ನನ್ನಜ್ಜಿ ಸೂಲಗಿತ್ತಿ. 2018ರಲ್ಲಿ ನಮ್ಮ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತಲ್ಲ, ಆಸ್ಪತ್ರೆ ಇಲ್ಲದ ಊರುಗಳಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಅವತ್ತು ಟಿವಿ ನೋಡುತ್ತಾ ಅಜ್ಜಿ ಅತ್ತುಬಿಟ್ಟಳು. ಆಮೇಲೆ ನಮ್ಮೂರಲ್ಲೂ ಅಜ್ಜಿಯನ್ನು ವೇದಿಕೆ ಹತ್ತಿಸಿ ಹಾರ ಹಾಕಿದರು. ಒಂದು ಮಾತೂ ಕೇಳಲಿಲ್ಲ. ಮನೆಗೆ ಬಂದು, "ಮಗು ಅಡ್ಡ ತಿರುಗಿದ್ರೆ ಏನ್ ಮಾಡ್ತಿದ್ದೆ ಅಂತ ಯಾರಾದ್ರೂ ಕೇಳ್ತಾರೆ ಅನ್ಕಂಡಿದ್ದೆ" ಅಂದಳು. ಮನೆಯಲ್ಲಿದ್ದ ನಾವೂ ಕೇಳಲಿಲ್ಲ. ಹೋದ ವರ್ಷ ತೀರಿಕೊಂಡಳು. ನೀವು ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಅಂಕೋಲೆಯವ:
ಪಾವಗಡದವರ ಮಾತು ಓದಿ ಬೇಜಾರಾಯಿತು, ನಿಜ ಕೂಡ. ನಮ್ಮ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡ ಫೋಟೊ 2021ರಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು. ಅದಕ್ಕಿಂತ ಎಷ್ಟೋ ವರ್ಷ ಮೊದಲಿನಿಂದ ಅವರು ಅರಣ್ಯ ಇಲಾಖೆ ನರ್ಸರಿಯಲ್ಲಿ ದಿನಗೂಲಿಗೆ ಸಸಿ ಬೆಳೆಸುತ್ತಿದ್ದರು. ಶಾಲೆಗೆ ಹೋದವರಲ್ಲ, ಆದರೆ ಯಾವ ಮರದ ಬೀಜ ಯಾವಾಗ ಆರಿಸಬೇಕು ಅನ್ನೋದೆಲ್ಲ ಬಾಯಲ್ಲೇ ಇತ್ತು. 2024ರ ಡಿಸೆಂಬರ್‌ನಲ್ಲಿ ಹೋಗಿಬಿಟ್ಟರು.
ಇನ್ನೊಂದು ವಿಷಯ. ಕಾರ್ಯಕ್ರಮಕ್ಕೆ ಬಂದರೆ ಹೂವಿನ ಅಜ್ಜಿಯ ಆ ದಿನದ ವ್ಯಾಪಾರ ಹೋಗುತ್ತದೆ. ಮೊದಲು ಬುಟ್ಟಿ ಹೂವನ್ನೆಲ್ಲ ನೀವೇ ಕೊಂಡುಕೊಳ್ಳಿ, ಚೌಕಾಸಿ ಮಾಡದೆ.

ಹಾಸನದ ಆಶಾ:
ನಾನು 12 ವರ್ಷದಿಂದ ಆಶಾ ಕಾರ್ಯಕರ್ತೆ. ಶಾಲು ಬೇಡ ಅನ್ನಬೇಡಿ ಮೇಡಂ. ನನಗೆ ಹಾಕಿದ ಶಾಲು ಇನ್ನೂ ಬೀರುವಿನಲ್ಲಿದೆ. ಅವತ್ತು ನಮ್ಮತ್ತೆ ಪಕ್ಕದಲ್ಲಿ ಕೂತವರಿಗೆ "ನನ್ನ ಸೊಸೆ" ಅಂತ ತೋರಿಸಿದರಂತೆ, ಮದುವೆಯಾಗಿ ಅಷ್ಟು ವರ್ಷಕ್ಕೆ ಅದೇ ಮೊದಲು. ಶಾಲು ಹಾಕುವಾಗ ಹೆಸರು ಹಿಡಿದು ಕರೆಯಿರಿ. ನಮ್ಮೂರಲ್ಲಿ ಎಲ್ಲರೂ ನನ್ನನ್ನು "ಆಶಾ" ಅಂತಲೇ ಕರೆಯುತ್ತಾರೆ, ನನ್ನ ಹೆಸರು ಅದಲ್ಲ. ಆಮೇಲೆ ಊಟಕ್ಕೆ ನಿಮ್ಮ ಸಾಲಿನಲ್ಲೇ ಕೂರಿಸಿಕೊಳ್ಳಿ. ಅವರಿಗೆ ಪೊಟ್ಟಣ ಕಟ್ಟಿ ಕೊಟ್ಟು ಕಳಿಸಬೇಡಿ, ದಯವಿಟ್ಟು.

ಮೂರನೇ ಅಡ್ಡರಸ್ತೆ, ಬೆಂಗಳೂರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಕಸ ಕೊಡುವಾಗ ಅಕ್ಕನ ಹೆಸರು ಕೇಳಿದೆ. ಆರು ವರ್ಷದಿಂದ ದಿನಾ ನೋಡುತ್ತಿದ್ದೇನೆ, ಇವತ್ತೇ ಕೇಳಿದ್ದು, ನಾಚಿಕೆಯಾಯಿತು. ಕಾರ್ಯಕ್ರಮಕ್ಕೆ ಬರುತ್ತಾರಂತೆ, ಶಾಲೂ ಆಗಬಹುದಂತೆ. ನಿಮಗೆ ಬೇರೆ ಏನಾದರೂ ಬೇಕಾ ಅಂದೆ. ಕೈ ತೋರಿಸಿದರು, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. "ಹಸಿ ಕಸದಲ್ಲಿ ಗಾಜಿನ ಚೂರು ಹಾಕ್ತಾರಮ್ಮ. ಅದನ್ನ ನಾನೇ ಎಲ್ಲರಿಗೂ ಹೇಳ್ತೀನಿ, ಒಂದೈದು ನಿಮಿಷ ಮೈಕ್ ಕೊಡ್ತೀರಾ?"
ಕೊಡುತ್ತೇವೆ ಅಂದಿದ್ದೇನೆ. ಸಂಜೆ ಹೂವಿನ ಅಜ್ಜಿಯನ್ನು ಮಾತಾಡಿಸಿ ಬಂದು ಬರೆಯುತ್ತೇನೆ.