ಅಡಿಕೆಗೆ ಮದ್ದು ಬಿಡುವ ಕೆಲಸದಲ್ಲಿ ಸ್ವಂತಕ್ಕೆ ಇಳಿಯಲಾ? ಅದಕ್ಕಿಂತ ಮೊದಲು ಒಂದು ವಿಷಯ ಹೇಳಲಿಕ್ಕುಂಟು

ತಳೆ-ಕೊಕ್ಕೆ, ಬದಿಯಡ್ಕ:

ಎಲ್ಲರಿಗೂ ನಮಸ್ಕಾರ. ಪ್ರಾಯ 29. ಹತ್ತನೆಯವರೆಗೆ ಕನ್ನಡ ಮೀಡಿಯಂ. ಮಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಮೂರು ವರ್ಷ ನಿಂತು, ರೂಮಿನ ಬಾಡಿಗೆ ಕೊಟ್ಟು ಊಟ ಮಾಡಿದರೆ ಕೈಯಲ್ಲಿ ಎಂತದ್ದೂ ಉಳಿಯದೆ ಕೇರಳದ ಕಾಸರಗೋಡಿನ ನಮ್ಮ ಊರಿಗೆ ಬಂದೆ. ಅಡಿಕೆ ಮರ ಹತ್ತಲು ಕಲಿತು ಈಗ ಆರು ವರ್ಷ. ಒಬ್ಬರು ಮೇಸ್ತ್ರಿಯ ಕೈಕೆಳಗೆ ಕೊಳೆರೋಗ ಬಾರದ ಹಾಗೆ ಮದ್ದು ಬಿಡುವುದು, ಅಡಿಕೆ ಗೊನೆ ತೆಗೆಯುವುದು. ಈಗ ಸ್ವಂತ ಪಂಪು, ಪೈಪು, ಒಂದು ಕಾರ್ಬನ್ ದೋಟಿ (ಉದ್ದದ ಕೋಲು) ತೆಗೆದು, ಇಬ್ಬರು ಹುಡುಗರನ್ನು ಕಟ್ಟಿಕೊಂಡು ಇಳಿಯಬೇಕು ಅಂತ ಆಸೆ. ಸಾಲ ಆಗುತ್ತದೆ.

ಕೇಳಬೇಕಾದದ್ದು ಅದಷ್ಟೇ ಅಲ್ಲ. ಕಳೆದ ಆಟಿಯಲ್ಲಿ, ಮಳೆಗಾಲದ ಮಧ್ಯೆ, ಒಂದು ತೋಟದಲ್ಲಿ ಎರಡನೇ ಸಲದ ಮದ್ದು. ಮೇಸ್ತ್ರಿ ಮರದ ಮೇಲೆ, ಕೆಳಗೆ ಮದ್ದು ಕೂಡಿಸುವವ ನಾನು. ಸುಣ್ಣದ ಹುಡಿಯ ಗೋಣಿ ಬಾಯಿ ಬಿಚ್ಚಿ ಎಷ್ಟು ದಿನ ಆಗಿತ್ತೋ, ಗಂಟು ಗಂಟು ಕಟ್ಟಿತ್ತು. ಮೋಡ ಕಟ್ಟಿ ಬರುತ್ತಿತ್ತು, ಮೇಲಿನಿಂದ ಬೊಬ್ಬೆ. ತೂಗಲಿಲ್ಲ, ಕತ್ತಿ ಅದ್ದಿ ನೋಡಲಿಲ್ಲ, ಎರಡು ಬುಟ್ಟಿ ಹಾಕಿ ಕದಡಿದೆ. ಎರಡು ದಿನದಲ್ಲಿ ಆ ಸಾಲಿನ ಎಳೆಕಾಯಿಯೆಲ್ಲ ಸುಟ್ಟ ಹಾಗೆ ಕಪ್ಪಾಗಿ ಉದುರಿತು. ಊರವರು ಮಹಾಳಿ, ಅಂದರೆ ಕೊಳೆರೋಗ, ಅಂದರು. ನಾನೂ ಹೌದು ಅಂದೆ. ಆ ತೋಟದವರು ಈ ವರ್ಷ ಮೇಸ್ತ್ರಿಯನ್ನು ಕರೆಯಲಿಲ್ಲ.

ಹೋಗಿ ಹೇಳಬೇಕಾ? ಸ್ವಂತಕ್ಕೆ ಇಳಿಯುವ ಹೊತ್ತಿನಲ್ಲಿ ಹೀಗೆ ಹೇಳಿದರೆ ಯಾರಾದರೂ ನನ್ನನ್ನು ಕರೆಯುತ್ತಾರಾ?

ನೇರ ಮಾತು, ಉಪ್ಪಳ:

ಬೇಡ ಮಾರಾಯಾ. ನಿನ್ನ ಬಾಯಿಂದ ಒಂದು ಸಲ ಹೊರಬಿದ್ದರೆ ನಾಳೆ ಬೆಳಿಗ್ಗೆ ಹೋಟೆಲಿನಲ್ಲಿ ಅದೇ ಮಾತು. ಮುಂದೆ ಸರಿ ಮಾಡು, ಸಾಕು.

ತೋಟದಜ್ಜ, ಪೆರ್ಲ:

ಉಪ್ಪಳದವರ ಮಾತು ನನಗೆ ಒಪ್ಪಿಗೆ ಇಲ್ಲ, ಅದು ಇರಲಿ. ಮೊದಲು ಮದ್ದಿನ ವಿಷಯ.

ನಾವು ಬಿಡುವ ಮದ್ದು, ಶೇಕಡಾ ಒಂದರ ಬೋರ್ಡೋ ಅಂದರೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತು 50 ಲೀಟರಿನಲ್ಲಿ ಬೇರೆ, ಸುಣ್ಣ 50 ಲೀಟರಿನಲ್ಲಿ ಬೇರೆ. ಆಮೇಲೆ ಎರಡನ್ನೂ ಒಟ್ಟಿಗೇ ಮೂರನೇ ಡ್ರಮ್ಮಿಗೆ ಹೊಯ್ಯುತ್ತಾ ಕದಡಬೇಕು. ಸುಣ್ಣವನ್ನು ತಂದು ಮೈಲುತುತ್ತಿನ ಮೇಲೆ ಹೊಯ್ಯುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಡ್ರಮ್ಮು ಪ್ಲಾಸ್ಟಿಕ್ಕಿನದ್ದೇ ಆಗಬೇಕು, ಕಬ್ಬಿಣ ಮುಟ್ಟಿಸಬಾರದು. ನೀನು ಹಾಕಿದ ಸುಣ್ಣ ಗಾಳಿಗೆ ಸತ್ತು ಚಾಕ್ ಆಗಿತ್ತು, ಹಾಗಾಗಿ ಮೈಲುತುತ್ತಿನ ಹುಳಿ ಮುರಿಯಲಿಲ್ಲ, ಕಾಯಿ ಸುಟ್ಟಿತು. ಉಜ್ಜಿ ಬೆಳಗಿದ ಕತ್ತಿಯ ಅಲಗನ್ನು ಮದ್ದಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆ. ಕೆಂಪಗೆ ತಾಮ್ರ ಹಿಡಿದಿದ್ದರೆ ಇನ್ನೂ ಸುಣ್ಣ ಬೇಕು. ಹಿಡಿಯದೆ ಇದ್ದರೆ ಬಿಡಬಹುದು. ಕೂಡಿಸಿದ್ದು ಅಂದೇ ಮುಗಿಯಬೇಕು.

ಇಷ್ಟು ನಿನಗೆ ಗೊತ್ತಿತ್ತು ಅಂತ ನೀನು ಬರೆದದ್ದರಲ್ಲೇ ಗೊತ್ತಾಗುತ್ತದೆ. ಗೊತ್ತಿದ್ದೂ ಮಾಡದ್ದಕ್ಕೆ ತರಬೇತಿ ಇಲ್ಲ, ಕೂಡ್ಲಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿಯೂ ಇಲ್ಲ.

ಇಲ್ಲಿ ಯಾರಾದರೂ ಅಮೈ ಮಹಾಲಿಂಗ ನಾಯ್ಕರ ಹೆಸರು ತಂದೇ ತರುತ್ತಾರೆ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ಗಡಿಯಾಚೆ ಅಡ್ಯನಡ್ಕದವರು, 2022ರಲ್ಲಿ ಪದ್ಮಶ್ರೀ ಬಂತು. ಅವರೂ ಮರ ಹತ್ತುವ ಕೂಲಿಯವರೇ. ನೀರಿಗಾಗಿ ಗುಡ್ಡದಲ್ಲಿ ಐದು ಸುರಂಗ ಕೊರೆದು ನೀರಿಲ್ಲದೆ ಆರನೆಯದರಲ್ಲಿ ನೀರು ಬಂದದ್ದು. ಭಾಷಣದವರಿಗೆ ಆರನೆಯದು ಸಾಕು. ಐದು ಸಲ ಮಣ್ಣು ಹೊತ್ತು ಹೊರಗೆ ಬರುವಾಗ ನೋಡುವವರ ಮುಖಕ್ಕೆ ಮುಖ ಕೊಟ್ಟರಲ್ಲ, ನನಗೆ ಅದು ದೊಡ್ಡದು.

ಹೋಗಿ ಹೇಳು. ಫೋನಿನಲ್ಲಿ ಅಲ್ಲ.

ಯಂತ್ರದಕ್ಕ, ಮುಳ್ಳೇರಿಯ:

ನಾನು ತೆಂಗು ಹತ್ತುವವಳು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರು ಮಾಡಿದ ತೆಂಗಿನ ಮರದ ಗೆಳೆಯರು ತರಬೇತಿಯಲ್ಲಿ ಕಲಿತದ್ದು, ಚೆಂಬೇರಿ ಅನ್ನುವ ಮರ ಹತ್ತುವ ಯಂತ್ರದಲ್ಲಿ. ಮೊದಲ ದಿನ ಅರ್ಧ ಮರದಲ್ಲಿ ಕಾಲು ನಡುಗಿ ಅಲ್ಲೇ ನಿಂತುಬಿಟ್ಟಿದ್ದೆ. ಕೆಳಗೆ ಗಂಡ ನಗುತ್ತಿದ್ದರು. ಈಗ ಯಂತ್ರ ಹೊತ್ತುಕೊಂಡು ಬರುವವರು ಅವರೇ.

ಸಾಲ ಮಾಡುವ ಮೊದಲು ಎರಡು ಕೆಲಸ ಮಾಡಿ. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, ವರ್ಷಕ್ಕೆ 20 ರೂಪಾಯಿ, ಅಪಘಾತಕ್ಕೆ 2 ಲಕ್ಷ. ಹುಡುಗರಿಗೂ ಮಾಡಿಸಿ, ದುಡ್ಡು ನೀವೇ ಕೊಡಿ. ಇನ್ನೊಂದು, ಒಂದು ಪುಸ್ತಕ ಇಡಿ. ಯಾವ ತೋಟ, ಯಾವ ದಿನ, ಎಷ್ಟು ಡ್ರಮ್ಮು, ಸುಣ್ಣ ಯಾವಾಗಿನದ್ದು, ಮಳೆ ಎಷ್ಟು ಹೊತ್ತಿಗೆ ಬಂತು. ಮೊದಲ ಮದ್ದಿನಿಂದ 40-45 ದಿನಕ್ಕೆ ಎರಡನೆಯದಕ್ಕೆ ನೀವೇ ಫೋನ್ ಮಾಡಿ. ತೋಟದವರಿಗೆ ನೆನಪಿರುವುದಿಲ್ಲ, ನೆನಪಿಸಿದವರನ್ನು ಬಿಡುವುದೂ ಇಲ್ಲ.

ಮತ್ತೆ ಮಲಯಾಳ ಓದಲು ಬರೆಯಲು ಕಲಿಯಿರಿ. ನಾನೂ ಕನ್ನಡ ಮೀಡಿಯಮ್ಮೇ, ಮಾತು ಬರುತ್ತಿತ್ತು, ಅರ್ಜಿ ಓದಲು ಬರುತ್ತಿರಲಿಲ್ಲ. ಮಗಳ ಎರಡನೇ ಕ್ಲಾಸಿನ ಪುಸ್ತಕದಲ್ಲಿ ಕಲಿತೆ. ಚಂದ್ರಗಿರಿ ಹೊಳೆಯ ಆಚೆಯ ಮಲಯಾಳದ ಊರುಗಳಿಂದಲೂ ಈಗ ಕೆಲಸಕ್ಕೆ ಕರೆಯುತ್ತಾರೆ.

ತಪ್ಪು ಹೇಳುವ ವಿಷಯದಲ್ಲಿ ಅಜ್ಜನ ಮಾತೇ ನನ್ನದೂ.

ತಳೆ-ಕೊಕ್ಕೆ, ಬದಿಯಡ್ಕ:

ಎಲ್ಲರಿಗೂ ಉಪಕಾರ. ನಿನ್ನೆ ಸಂಜೆ ಆ ತೋಟದವರಲ್ಲಿಗೆ ಹೋದೆ. ಅಂಗಳದಲ್ಲಿ ಅಡಿಕೆ ಹೆಕ್ಕುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ, ಗಂಟಲು ಒಣಗಿತ್ತು. ಅವರು ತಲೆ ಎತ್ತಲಿಲ್ಲ. "ನನಗೆ ಆವಾಗಲೇ ಗೊತ್ತುಂಟು. ಮಹಾಳಿ ಆದರೆ ಬಿದ್ದ ಕಾಯಿಯಲ್ಲಿ ಬಿಳಿ ಬೂಸ್ಟು ಬರಬೇಕು. ಒಂದರಲ್ಲೂ ಇರಲಿಲ್ಲ" ಅಂದರು. ಒಳಗಿನಿಂದ ಕಷಾಯ ಬಂತು. ಈ ವರ್ಷ ಬೇರೆಯವರಿಗೆ ಹೇಳಿ ಆಗಿದೆಯಂತೆ, ಅದನ್ನು ಬದಲಿಸುವುದಿಲ್ಲ ಅಂದರು. ನಾನೂ ಕೇಳಲಿಲ್ಲ.

ಹೊರಡುವಾಗ ಒಂದೇ ಕೇಳಿದರು, ಮೇಸ್ತ್ರಿಗೆ ಹೇಳಿದೆಯಾ ಅಂತ. ಅದು ನನ್ನ ತಲೆಗೇ ಹೋಗಿರಲಿಲ್ಲ. ತೋಟ ಹೋದದ್ದು ಅವರದ್ದಲ್ಲವಾ, ಒಂದು ವರ್ಷದಿಂದ ತನ್ನ ಕೈಗುಣವೇ ಹಾಳಾಯಿತು ಅಂತ ಅಂದುಕೊಂಡು ತಿರುಗುತ್ತಿದ್ದಾರೆ.

ಬುಧವಾರ ಬೇಳದಲ್ಲಿ ಅವರೊಟ್ಟಿಗೆ ಕೆಲಸ ಉಂಟು. ಹೊಸ ಸುಣ್ಣ ತಂದಿಟ್ಟಿದ್ದೇನೆ, ಕತ್ತಿಯನ್ನೂ ಉಜ್ಜಿದ್ದೇನೆ. ಮೇಲೆ ಹತ್ತುವ ಮೊದಲೇ ಹೇಳಬೇಕು, ಹತ್ತಿದ ಮೇಲೆ ಹೇಳುವ ಮಾತಲ್ಲ ಅದು.