ತೆರೆಗಳು ‘ವಜಾ’ ಆಗುತ್ತವೆ ಅನ್ನಬಹುದೇ?

ಪದ ಬಲ್ಲ ಗೆಳೆಯರಿಗೆ ರಾಯಚೂರಿನಿಂದ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಸದ್ದು ಮತ್ತು ಬೆಳಕಿನ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು. ಎರಡು ತೆರೆಗಳು (ಅಲೆಗಳು) ಕೂಡುವ ಜಾಗದಲ್ಲಿ ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಸರಿಯಾಗಿ ಬಂದು ಸೇರಿದರೆ ಅಲ್ಲಿ ಏನೂ ಕಾಣುವುದಿಲ್ಲ, ಕೇಳುವುದಿಲ್ಲ. ಪುಸ್ತಕದ ಕನ್ನಡದಲ್ಲಿ ಇದು ‘ವಿನಾಶಕ ವ್ಯತಿಕರಣ’. ‘ವ್ಯತಿಕರಣ’ ಬಾಯಿಗೆ ಸ್ವಲ್ಪ ತೊಡಕು, ಆದರೂ ರೂಢಿಯಾಗಿದೆ, ಇರಲಿ. ನನ್ನ ತಕರಾರು ‘ವಿನಾಶಕ’ದ ಮೇಲೆ. ಅಲ್ಲಿ ಯಾವುದೂ ನಾಶ ಆಗುವುದೇ ಇಲ್ಲ.

ಶಾಲೆಯ ಲ್ಯಾಬಿನಲ್ಲಿರುವ ಶ್ರುತಿಕವೆಯಲ್ಲೇ (ಟ್ಯೂನಿಂಗ್ ಫೋರ್ಕ್) ಇದನ್ನು ನೋಡಬಹುದು. ಕವೆಯನ್ನು ರಬ್ಬರಿಗೆ ಬಡಿದು, ನೆಟ್ಟಗೆ ಹಿಡಿದು, ಕಿವಿಯ ಪಕ್ಕದಲ್ಲಿ ಮೆಲ್ಲಗೆ ತಿರುಗಿಸಿ. ಒಂದು ಸುತ್ತು ಮುಗಿಯುವಷ್ಟರಲ್ಲಿ ಸದ್ದು 4 ಸಲ ಏರಿ 4 ಸಲ ಅಡಗುತ್ತದೆ. ಕವೆಯ ಎರಡು ಕಾಲುಗಳು ಒಟ್ಟಿಗೆ ಹೊರಕ್ಕೆ ಹೋದಾಗ ಹೊರಬದಿಯ ಗಾಳಿ ಒತ್ತಿಕೊಳ್ಳುತ್ತದೆ, ನಡುವಿನ ಸಂದಿಯ ಗಾಳಿ ತೆಳ್ಳಗಾಗುತ್ತದೆ. ಅಂದರೆ ಹೊರಬದಿಯಿಂದ ಒಂದು ಬಗೆಯ ತೆರೆ ಹೊರಟರೆ ಸಂದಿಯಿಂದ ಅದಕ್ಕೆ ತದ್ವಿರುದ್ಧವಾದದ್ದು ಹೊರಡುತ್ತದೆ. ಮೂಲೆ ದಿಕ್ಕುಗಳಲ್ಲಿ ಎರಡೂ ಕೂಡಿ ಸದ್ದು ಅಡಗುತ್ತದೆ. ಈಗ ಸದ್ದು ಅಡಗಿದ ಜಾಗದಲ್ಲೇ ಕವೆಯನ್ನು ನಿಲ್ಲಿಸಿ, ಒಂದು ಕಾಲಿಗೆ ಕಾಗದದ ಕೊಳವೆಯನ್ನು ತಾಕದ ಹಾಗೆ ತೊಡಿಸಿ. ಸದ್ದು ತಿರುಗಿ ಕೇಳುತ್ತದೆ! ಒಂದು ಕಾಲಿನ ಸದ್ದಿಗೆ ಮರೆ ಕಟ್ಟಿದ ಕೂಡಲೇ ಜೋರಾಯ್ತು ಅಂದಮೇಲೆ, ಇನ್ನೊಂದು ಕಾಲಿನ ಸದ್ದು ಸತ್ತಿರಲಿಲ್ಲ ಅಲ್ವಾ? ಇದನ್ನು ಕೇಳಿದ ಮಗುವಿಗೆ ‘ವಿನಾಶ’ ಅಂತ ಹೇಗೆ ಕಲಿಸಲಿ?

ಬೆಳಕಿನಲ್ಲೂ ಹೀಗೇ. ಬೆಳಕಿಗೆ ಬೆಳಕು ಸೇರಿ ಕತ್ತಲೆ ಆಗಬಹುದು ಅನ್ನುವ ವಿಚಾರವನ್ನು ಥಾಮಸ್ ಯಂಗ್ 1801ರಲ್ಲೇ ಲಂಡನ್ನಿನಲ್ಲಿ ಮಂಡಿಸಿದ್ದ. ಇವತ್ತು ಅದು ನಮ್ಮ ಮೂಗಿನ ಮೇಲೇ ಕೂತಿದೆ. ಬರೀ ಗಾಜಿನ ಒಂದೊಂದು ಮೈಯಿಂದಲೂ ಸುಮಾರು 4% ಬೆಳಕು ಹಿಂದಕ್ಕೆ ಚಿಮ್ಮುತ್ತದೆ. ಕೋಟಿಂಗ್ ಇರುವ ಕನ್ನಡಕದಲ್ಲಿ ಲೇಪದ ಮೇಲ್ಮೈಯಿಂದ ಚಿಮ್ಮಿದ್ದೂ ಕೆಳಗಿನ ಗಾಜಿನಿಂದ ಚಿಮ್ಮಿದ್ದೂ ಒಂದನ್ನೊಂದು ಅಡಗಿಸುತ್ತವೆ. ಹಾಗೆ ಹಿಂದಕ್ಕೆ ಹೋಗದೆ ಉಳಿದ ಬೆಳಕು ಎಲ್ಲಿ ಹೋಯ್ತು? ಗಾಜು ದಾಟಿ ಕಣ್ಣಿಗೇ ಬರುತ್ತದೆ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಕೂಡುತ್ತದೆ, ಅಷ್ಟೇ.

ಇದನ್ನು ಬರೆಯುವಾಗ ನಮ್ಮ ಕಡೆಯ ಒಂದು ಮಾತು ನೆನಪಾಯ್ತು: ವಜಾ. ಇಲ್ಲಿ ಎಪಿಎಂಸಿಯಲ್ಲಿ ಹತ್ತಿ ಮಾರಿದ ರೈತರ ಪಟ್ಟಿ ನೋಡಿ. ಒಟ್ಟು ಮೊತ್ತದಲ್ಲಿ ಹಮಾಲಿ ವಜಾ, ಮೊದಲೇ ತಂದ ಮುಂಗಡ ವಜಾ. ಕೆಲವೊಮ್ಮೆ ಎಲ್ಲಾ ವಜಾ ಆಗಿ ಕೈಗೆ ಸೊನ್ನೆ. ಆದರೆ ಆ ದುಡ್ಡು ಸುಟ್ಟುಹೋಗಿಲ್ಲ, ಇನ್ನೊಬ್ಬರ ಖಾತೆಯಲ್ಲಿ ಜಮಾ ಆಗಿದೆ. ತೆರೆಗಳಿಗೂ ಇದೇ ಜೋಡಿ ಹೊಂದುತ್ತದೆ ಅನ್ನಿಸುತ್ತದೆ. ಉಬ್ಬಿಗೆ ಉಬ್ಬು ಸೇರಿದರೆ ಜಮಾ, ಉಬ್ಬಿಗೆ ತಗ್ಗು ಸೇರಿದರೆ ವಜಾ.

ವಾಕ್ಯದಲ್ಲಿ ಇಟ್ಟು ನೋಡಿದೆ. “ಕಿವಿಗೆ ಹಾಕುವ ಹೆಡ್‌ಫೋನು ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು, ಅದರ ತಿರುಗುಮುರುಗು ತೆರೆಯನ್ನು ಬಿಟ್ಟು, ಬಸ್ಸಿನ ಗುಂಯ್ ಸದ್ದನ್ನು ವಜಾ ಮಾಡುತ್ತದೆ.” ಓದಲು ಸಲೀಸಾಗಿದೆ. (ಈ ಉಪಾಯ ಹಳೆಯದು. ಪಾಲ್ ಲ್ಯೂಗ್ ಅನ್ನುವ ಜರ್ಮನ್ನನಿಗೆ 1936ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು.)

ಅಳುಕು ಒಂದೇ. ಪೇಪರಿನಲ್ಲಿ ದಿನಾ ‘ಸೇವೆಯಿಂದ ವಜಾ’, ‘ಅರ್ಜಿ ವಜಾ’ ಅಂತ ಬರುತ್ತದೆ. ಮೈಸೂರು, ಮಂಗಳೂರು ಕಡೆಯವರಿಗೆ ವಜಾ ಅಂದರೆ ಕೆಲಸದಿಂದ ತೆಗೆಯುವುದು ಅಂತಲೇ ಮೊದಲು ಹೊಳೆಯಬಹುದು. ಲೆಕ್ಕದ ಅರ್ಥ ನಿಮ್ಮ ಕಡೆಯೂ ಇದೆಯಾ? ಇಲ್ಲದಿದ್ದರೆ ಇಂಥ ಜಾಗದಲ್ಲಿ ಏನು ಹೇಳುತ್ತೀರಿ? ‘ಕಳೆ’, ‘ಮುರಿ’, ‘ಹೊಡೆದುಹೋಗು’ ಇವನ್ನೂ ಯೋಚಿಸಿದೆ. ‘ಮುರಿ’ಯಲ್ಲಿ ಮತ್ತೆ ನಾಶದ ವಾಸನೆ ಇದೆ. ‘ಹೊಡೆದುಹೋಗು’ ಪರವಾಗಿಲ್ಲ, ಆದರೆ ಅದಕ್ಕೆ ಜಮಾದಂಥ ಜೋಡಿಪದ ಸಿಗಲಿಲ್ಲ.

ಇನ್ನೊಂದು ಪದವೂ ಬೇಕು. ಎರಡು ಬಲ್ಬು ಹಚ್ಚಿದರೆ ಕತ್ತಲೆ ಯಾಕೆ ಆಗಲ್ಲ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಎರಡು ಬಲ್ಬಿನ ತೆರೆಗಳ ಏರಿಳಿತದ ಹೊಂದಾಣಿಕೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ವಜಾ ಒಂದು ಕಡೆ ನಿಲ್ಲುವುದಿಲ್ಲ, ಕಣ್ಣಿಗೆ ಸರಾಸರಿ ಬೆಳಕೇ ಕಾಣುತ್ತದೆ. ಈ ಹೊಂದಾಣಿಕೆಗೆ ಪುಸ್ತಕದಲ್ಲಿ ‘ಪ್ರಾವಸ್ಥೆ’ ಅನ್ನುತ್ತಾರೆ. ನಾನು ‘ಹೆಜ್ಜೆ’ ಅಂತ ಬರೆದಿದ್ದೇನೆ: ಹೆಜ್ಜೆ ಕೂಡಿದ ತೆರೆ, ಹೆಜ್ಜೆ ತಪ್ಪಿದ ತೆರೆ. ಭೌತಶಾಸ್ತ್ರ ಪಾಠ ಮಾಡುವವರು ಯಾರಾದರೂ ಇದ್ದರೆ, ಪರೀಕ್ಷೆಯಲ್ಲಿ ಮಕ್ಕಳು ‘ಹೆಜ್ಜೆ’ ಅಂತ ಬರೆದರೆ ಅಂಕ ಕೊಡುತ್ತೀರಾ, ದಯವಿಟ್ಟು ಹೇಳಿ.